ಮುಚ್ಚಿಟ್ಟ ರೊಟ್ಟಿ ಬುಟ್ಟಿ

ಶುಕ್ರವಾರ, ೧೪ ನವೆಂಬರ್ ೨೦೨೫. ರೋಣ.

ಗಿರಣಿಯ ಹಾಲೇಶನ ಜತೆ ಇವತ್ತೂ ಜಗಳ. ಗೋಧಿ ಬೀಸಿದ ಬೆನ್ನಿಗೇ ನನ್ನ ಜೋಳ ಸುರಿಯಲು ಹೊರಟಿದ್ದ.

"ಒಂಚೂರು ಗೋದಿ ಹಿಟ್ಟು ಕೂಡಿದ್ರ ಏನಾಗ್ತೈತ್ರಿ, ಅಕ್ಕಾರ?"

"ನಾಕ್ ದಿನ ಹಾಸಿಗಿ ಹಿಡೀತೀನಿ. ನಾಳಿ ಗಿರಣಿ ಜಾಡಿಸಿಡು, ಮುಂಜಾನಿ ಮೊದಲ್ನೇ ಪಾಳಿ ನಂದು."

ಒಪ್ಪಿದ. ಒಪ್ಪದೆ ಎಲ್ಲಿಗೆ ಹೋದಾನು!

ಗೋಧಿಯೇ ನನ್ನ ಕರುಳನ್ನು ಕೆಡಿಸುತ್ತಿದೆ ಎಂದು ಡಾಕ್ಟರು ಕಂಡುಹಿಡಿಯಲು ಒಂಬತ್ತು ವರ್ಷ ಬೇಕಾಯಿತು. ಅಷ್ಟೂ ವರ್ಷ, ಹೊಟ್ಟೆ ಕೆಟ್ಟಾಗಲೆಲ್ಲ ಅತ್ತೆ ರೊಟ್ಟಿ ಬುಟ್ಟಿ ಮುಚ್ಚಿಟ್ಟು, "ಜ್ವಾಳ ಜಡ ಆಗ್ತೈತವ್ವಾ" ಎನ್ನುತ್ತ ಮೆತ್ತಗಿನ ಚಪಾತಿ, ಗೋಧಿ ರವೆಯ ಗಂಜಿ ಉಣಿಸಿದರು. ನಾನು ಕದ್ದು ಖಡಕ್ ರೊಟ್ಟಿ ತಿನ್ನುತ್ತಿದ್ದೆ. ನೋವು ಬಂದರೆ ಆ ರೊಟ್ಟಿಯನ್ನೇ ಬೈಯುತ್ತಿದ್ದೆ.

ಗೋಧಿ ಬಿಟ್ಟು ಈಗ ಐದು ತಿಂಗಳು. ಜೀವನಪೂರ್ತಿ ಇದೇ ಪಥ್ಯವಂತೆ. ಇರಲಿ, ಜೋಳದ ಸೀಮೆಯಲ್ಲಿ ಹುಟ್ಟಿದವಳು ನಾನು. ಜಾರಿ ಬೀಳುತ್ತಿದ್ದ ಬಳೆ ಮತ್ತೆ ಕೈಯಲ್ಲಿ ನಿಲ್ಲುತ್ತಿದೆ.

ಸಂಜೆ ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಅಂದರು: "ನನ್ನ ಕೈಲೆನ ಉಣಿಸಿದ್ನಲ್ಲ, ದೇವಿಕಾ."

"ಗೊತ್ತಿದ್ದು ಉಣಿಸಿದ್ರೇನ್ರಿ, ಅತ್ತಿ? ಇನ್ನೊಂದ್ ರೊಟ್ಟಿ ಹಾಕ್ರಿ."

ಒಂದಲ್ಲ, ಬುಟ್ಟಿಯನ್ನೇ ತಂದು ನನ್ನ ಮುಂದಿಟ್ಟರು.