ಮೂರನೇ ಮನೆಗೆ ಕೇಳಿಸಬೇಕು

೩೦ ಫೆಬ್ರವರಿ ೨೨೧೪
ಬಿಳಿಗುಡ್ಡ

ನಮಗಿಂತ ಏಳು ತಲೆಮಾರು ಹಿಂದಿನ ಹಿರಿಯರಿಗೆ ದ್ಯಾವಮ್ಮನ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಮನ್ನಿಸಿ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ ಮಾತ್ರ. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತು ದಿನ. ಮಿಕ್ಕ ದಿನಗಳು ವರ್ಷದ ಕೊನೆಗೆ, ಯಾವ ತಿಂಗಳಿಗೂ ಸೇರದೆ ಬರುತ್ತವೆ. ಕೆಲವು ಮಾತುಗಳು ನಿಮಗೆ ಹೊಸದೆನಿಸಿದರೆ ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಎದುರಿಗೆ ಜನರಿದ್ದರೆ ನನಗೆ ಮಾತು ಹೊರಡುವುದಿಲ್ಲ. ನೀವು ಎದುರಿಗಿಲ್ಲವೆಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ನಾನು ಕೋರ್ಟಿನ ಕೂಗಾಳು. ಈ ಕೆಲಸ ನಿಮ್ಮಲ್ಲಿ ಇರಲಿಲ್ಲವಂತೆ. ನಮ್ಮ ರಾಜ್ಯದ ಕಾಯಿದೆಯ ಪ್ರಕಾರ, ಪೊಲೀಸರು ಬರೆದುಕೊಂಡ ಕೂಡಲೇ ಕ್ರಿಮಿನಲ್ ಮೊಕದ್ದಮೆ ಶುರುವಾಗುವುದಿಲ್ಲ; ಜಡ್ಜು ಸಹಿ ಹಾಕಿದ ಮೇಲೂ ಆಗುವುದಿಲ್ಲ. ಕೂಗಾಳು ಆರೋಪಿಯ ಬಾಗಿಲಿಗೆ ಹೋಗಿ, ಅವನ ಹೆಸರನ್ನೂ ಅವನ ಮೇಲಿನ ಆರೋಪವನ್ನೂ ಕೂಗಿ ಹೇಳಬೇಕು. ಆ ಕೂಗು ಅಲ್ಲಿಂದ ಮೂರನೇ ಮನೆಯವರಿಗೆ ಕೇಳಿಸಬೇಕು. ಕೇಳಿಸಿತೆಂದು ಅವರು ಕೂಗೋಲೆಗೆ, ಅಂದರೆ ಆರೋಪ ಬರೆದ ಹಾಳೆಗೆ, ಹೆಬ್ಬೆಟ್ಟು ಒತ್ತಬೇಕು. ಮೊಕದ್ದಮೆ ಶುರುವಾಗುವುದು ಆ ಗಳಿಗೆಯಲ್ಲಿ. ತಪ್ಪು ನಡೆದ ಮೂರು ವರ್ಷದೊಳಗೆ ಹೀಗೆ ಶುರುವಾಗದಿದ್ದರೆ ಮುಂದೆಂದೂ ಆಗುವುದಿಲ್ಲ. ಹಿಂದೊಂದು ಕಾಲದಲ್ಲಿ ಮೊಕದ್ದಮೆಗಳು ಕಾಗದದ ಕಟ್ಟಿನೊಳಗೇ ಹುಟ್ಟಿ ಅಲ್ಲೇ ಮಲಗುತ್ತಿದ್ದವಂತೆ. ಯಾವತ್ತು ಶುರುವಾಯಿತೆಂಬುದು ಆರೋಪಿಗೂ ತಿಳಿಯದು, ನೊಂದವರಿಗೂ ತಿಳಿಯದು. ಅದಕ್ಕಾಗಿ ಈ ಕಾಯಿದೆ ಬಂತೆಂದು ನಮ್ಮ ಗುಮಾಸ್ತೆ ಖೈರುನ್ನಿಸಾ ಮೇಡಂ ಹೇಳುತ್ತಾರೆ.

ನಾವೆಲ್ಲ ನೆಲಮನೆಗಳಲ್ಲಿ ಇರುತ್ತೇವೆ. ಬಿಸಿಲು ತಾಳದೆ ಜನ ನೆಲವನ್ನು ಎರಡಾಳು ಆಳ ಅಗೆದು, ಕಲ್ಲು ಕಟ್ಟಿ, ಕೆಳಗೆ ಮನೆ ಮಾಡಿಕೊಂಡಿದ್ದಾರೆ. ಬೀದಿಯಲ್ಲಿ ನಿಂತರೆ ಕಾಣುವುದು ಮೆಟ್ಟಿಲ ಬಾಯಿಗಳು ಮಾತ್ರ. ಬೆಳಗಿನ ಒಂಬತ್ತಕ್ಕೆ ಹೊರಗಿನ ಕೆಲಸವೆಲ್ಲ ಮುಗಿಯುತ್ತದೆ. ಮೆಟ್ಟಿಲ ಬಾಯಿಯಲ್ಲಿ ಆಡಿದ ಸಣ್ಣ ಮಾತೂ ಕೆಳಗೆ ಹೋಗಿ ಗುಂಯ್‌ಗುಡುತ್ತದೆ. ಆದ್ದರಿಂದ ಯಾರ ಮನೆಗೆ ಹೋದರೂ ಮೆಲ್ಲಗೆ ಚಪ್ಪಾಳೆ ತಟ್ಟಿ, ದನಿ ತಗ್ಗಿಸಿ ಮಾತಾಡುವುದು ನಮ್ಮ ಮರ್ಯಾದೆ. ಹೆಣ್ಣುಮಕ್ಕಳಿಗೆ ಇದನ್ನು ನಡೆಯಲು ಕಲಿಸುವಾಗಲೇ ಕಲಿಸುತ್ತಾರೆ.

ನನ್ನ ತಪ್ಪು ಆದದ್ದು ಇದರಿಂದಲೇ. ಮೂರು ವರ್ಷದ ಹಿಂದೆ ಹುಲಿಗೆಮ್ಮನ ಗಂಡ ಯಂಕೋಬ ನೆಲಮನೆ ಅಗೆಯುವಾಗ ಮಣ್ಣು ಕುಸಿದು ಸತ್ತ. ಕೆಲಸ ಬೇಗ ಮುಗಿಯಲೆಂದು ಕಂಟ್ರಾಕ್ಟರ್ ಪಂಪನಗೌಡರು ಆಸರೆ ಕಂಬಗಳನ್ನು ಮೊದಲೇ ತೆಗೆಸಿದರೆಂಬುದು ಆರೋಪ. ಸಾಕ್ಷಿಗಳು ಹೆದರಿ ಹಿಂದೆ ಮುಂದೆ ನೋಡಿ, ಕೂಗೋಲೆ ನನ್ನ ಕೈಗೆ ಬರುವಾಗ ಉಳಿದಿದ್ದದ್ದು ಮೂರೇ ದಿನ. ಮೊನ್ನೆ ಗೌಡರ ಮೆಟ್ಟಿಲ ಬಾಯಿಯಲ್ಲಿ ನಿಂತು ಆರೋಪ ಓದಿದೆ. ನನ್ನ ದನಿ ಕೆಳಗೆ ಗುಂಯ್‌ಗುಟ್ಟಿದ್ದು ಕೇಳಿ, ಇಷ್ಟು ಸಾಕೆಂದುಕೊಂಡೆ. ಕೆಳಗಿನಿಂದ ಗೌಡರ ಹೆಂಡತಿ, "ಯಾರವ್ವ, ಮೊಸರಿನಾಕಿ ಏನು? ಇವತ್ತು ಬ್ಯಾಡ, ನಾಳಿಗೆ ಬಾ" ಎಂದರು. ನಾನು "ಅಲ್ರೀ" ಎಂದು ಇಳಿದನಿಯಲ್ಲೇ ಹೇಳಿ ಮೂರನೇ ಮನೆಗೆ ಹೋದೆ.

ಅಲ್ಲಿ ಮರಿಬಸಪ್ಪ ಅಜ್ಜ ಹಗ್ಗ ಹೊಸೆಯುತ್ತ ಕೂತಿದ್ದರು. ಕೂಗು ಕೇಳಿಸಿತೇ ಎಂದರೆ, "ಯಾವ ಕೂಗು?" ಎಂದರು. ನನ್ನ ಹಿಂದೆಯೇ ಬಂದಿದ್ದ ಹುಲಿಗೆಮ್ಮ ಅವರ ಕಾಲು ಹಿಡಿದು, "ಒಂದು ಹೆಬ್ಬೆಟ್ಟು ಒತ್ತಿಬಿಡ್ರಿ ಯಪ್ಪಾ, ನಿಮ್ಮ ಗಂಟೇನು ಹೋಗತೈತಿ" ಎಂದು ಅತ್ತಳು. ಅಜ್ಜ ಕಣ್ಣು ಒರೆಸಿಕೊಂಡರು. ಆದರೂ, "ಕೇಳಿಸಲಾರದ್ದು ಕೇಳಿಸೇತಂತ ಹ್ಯಾಂಗ ಒತ್ತಲಿ ನನ್ನವ್ವಾ? ಇವತ್ತು ನಿನಗ ಒತ್ತಿದರ, ನಾಳೆ ಸುಳ್ಳು ಹೇಳಿ ಬಂದವಗೂ ಒತ್ತಬೇಕಾಗತೈತಿ" ಎಂದರು. ಹುಲಿಗೆಮ್ಮ ನನ್ನ ಕಡೆ ತಿರುಗಿದಳು. "ಗೌಡರ ಮನಿ ಮಜ್ಜಿಗಿ ಕುಡದಿ ಏನ, ದನಿ ಇಷ್ಟು ತಣ್ಣಗ ಆಗೇತಲ್ಲ?" ಎಂದಳು. ಬೀದಿಯಲ್ಲಿ ಯಾರೋ ನಕ್ಕರು. ನಾನು ಕೂಗೋಲೆ ಮಡಚಿಕೊಂಡೆ. ಅವಳ ಮೂರು ವರ್ಷ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ನಿನ್ನೆ ಮೇಡಂ, "ನಿನ್ನಿಂದ ಆಗಲ್ಲ ಬಿಡಮ್ಮ, ಪಕ್ಕದೂರಿನ ಕೂಗಾಳನ್ನ ಕರೆಸ್ತೀನಿ" ಎಂದರು. ಅವನು ಬರುವಷ್ಟರಲ್ಲಿ ಹೊತ್ತು ಮುಳುಗಿದರೆ ಏನು ಗತಿ? ಇವತ್ತೇ ಕಡೆಯ ದಿನ. "ನಾನೇ ಹೋಗ್ತೀನ್ರಿ" ಎಂದೆ. ಆ ಮಾತೂ ಅವರಿಗೆ ಮೊದಲ ಸಲಕ್ಕೆ ಕೇಳಿಸಲಿಲ್ಲ. ಎರಡನೇ ಸಲ ಮೇಜು ಹಿಡಿದುಕೊಂಡು ಹೇಳಿದೆ. ಅವರು ತಲೆಯೆತ್ತಿ ನನ್ನನ್ನೇ ನೋಡಿ, ಕೂಗೋಲೆಯನ್ನು ಮರಳಿ ಕೊಟ್ಟರು.

ಈ ಬೆಳಿಗ್ಗೆ ಗೌಡರ ಮೆಟ್ಟಿಲಿಗೆ ಬೆನ್ನು ಮಾಡಿ, ಬೀದಿಗೆ ಮುಖ ಮಾಡಿ ನಿಂತೆ. ಬಾಗಿಲಲ್ಲಿ ನಿಂತು ಕೂಗಬೇಕೆಂದು ಕಾಯಿದೆ ಹೇಳುತ್ತದೆ; ಬಾಗಿಲ ಕಡೆ ನೋಡಬೇಕೆಂದು ಎಲ್ಲೂ ಇಲ್ಲ. ಮರ್ಯಾದೆಯನ್ನು ಪಕ್ಕಕ್ಕಿಟ್ಟು ಕೂಗಿದೆ. "ಪಂಪನಗೌಡರೇ! ಆಸರೆ ಕಂಬ ತೆಗೆಸಿ ಯಂಕೋಬನ ಸಾವಿಗೆ ಕಾರಣರಾದಿರೆಂದು ನಿಮ್ಮ ಮೇಲೆ ಆರೋಪವಿದೆ, ಬಂದು ಉತ್ತರ ಕೊಡಿ!" ನಡುವೆ ದನಿ ಒಡೆಯಿತು. ಒಡೆದ ದನಿಯಲ್ಲೇ ಮುಗಿಸಿದೆ. ಮೆಟ್ಟಿಲ ಬಾಯಿಗಳಿಂದ ಒಂದೊಂದೇ ತಲೆ ಮೇಲೆ ಬಂತು. ಗೌಡರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದು, "ಸಾಕು ಸುಮ್ಮನಿರಬೇ, ಸತ್ತೋರಿಗೂ ಕೇಳಿಸೇತಿ" ಎಂದರು. "ಅವರಿಗೂ ಕೇಳಿಸಲಿ ಬಿಡ್ರಿ" ಎಂದಳು ಹುಲಿಗೆಮ್ಮ. ಮರಿಬಸಪ್ಪ ಅಜ್ಜ ಯಾರೂ ಕರೆಯುವ ಮೊದಲೇ ಹೊರಗೆ ಬಂದು ಹೆಬ್ಬೆಟ್ಟು ಚಾಚಿದರು.

ಕೂಗಿದ ಮಾತ್ರಕ್ಕೆ ಗೌಡರು ತಪ್ಪಿತಸ್ಥರಾಗಲಿಲ್ಲ, ಅದು ನನಗೆ ಗೊತ್ತು. ಅವರಿಗೂ ಹೇಳುವುದಿರುತ್ತದೆ. ಆದರೆ ಇನ್ನು ಮೇಲೆ ಅವರು ಹೇಳಲೇಬೇಕು, ಕೋರ್ಟು ಕೇಳಲೇಬೇಕು. ಹಿರಿಯರೇ, ನಿಮ್ಮಲ್ಲಿ ನನ್ನದೊಂದೇ ಬೇಡಿಕೆ. ನಿಮ್ಮೂರಿನಲ್ಲಿ ಯಾರಿಗಾದರೂ ಅನ್ಯಾಯವಾದರೆ, ಅದರ ಮೊಕದ್ದಮೆ ಯಾವ ದಿನ, ಯಾವ ಗಳಿಗೆಯಲ್ಲಿ ಶುರುವಾಯಿತೆಂದು ಕೇಳಿ. ಗೊತ್ತಿಲ್ಲವೆಂದರೆ ಮತ್ತೆ ಕೇಳಿ. ನಾಚಿಕೆಯಾದರೂ ಕೇಳಿ. ನೀವು ಕೇಳದೆ ಬಿಟ್ಟ ದಿನಗಳು ಯಾರದೋ ಲೆಕ್ಕದಲ್ಲಿ ಸದ್ದಿಲ್ಲದೆ ಕಳೆಯುತ್ತಿರುತ್ತವೆ.

ಅಜ್ಜ ಹೆಬ್ಬೆಟ್ಟು ಒತ್ತಿದ ಮೇಲೆ ಅದರ ಕೆಳಗೆ ಹೊತ್ತು ಬರೆದೆ: ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಹುಲಿಗೆಮ್ಮನಿಗೆ ಓದಲು ಬರುವುದಿಲ್ಲ. ಎಲ್ಲಿ ಬರೆದಿದ್ದೀ ತೋರಿಸು ಎಂದಳು. ಅವಳ ಬೆರಳು ಹಿಡಿದು ಆರರ ಮೇಲೆ ಒಮ್ಮೆ, ನಲವತ್ತರ ಮೇಲೆ ಒಮ್ಮೆ ಆಡಿಸಿದೆ.