ಗುಂಡು ಮೊಹರಿನ ಕಾಗದ

ಕೀನ್ಯಾದ ಬರಿಂಗೊ ಜಿಲ್ಲೆಯ ಅರಣ್ಯಾಧಿಕಾರಿಗಳಿಗೆ, ನಶಿಪಾಯ್ ಲೆಕಿಪೊರೆಯ ನಮಸ್ಕಾರಗಳು.

ಸರೋವರದಂಚಿನ ಗೋಮಾಳವನ್ನೆಲ್ಲ ನುಂಗಿರುವ ಮಥೆಂಗೆ ಜಾಲಿ ಮರಗಳನ್ನು ಕೀಳಲು ಸರ್ಕಾರದ ಅನುದಾನ ಬಂದಿದೆಯೆಂದು ನಿನ್ನೆ ನಿಮ್ಮವರು ಬಂದಿದ್ದರು. ಅಪ್ಪ ದೊಣ್ಣೆ ಹಿಡಿದು ಅಡ್ಡ ನಿಂತ. "ನೆಡು ಅಂದೋರೂ ಇದೇ ಖಾಕಿ ಹಾಕಿದ್ರು. ಯಾರೂ ಕಡೀದಂಗೆ ಕಾಯಿ ಅಂತ ಕಾಗದಾನೂ ಕೊಟ್ಟವ್ರೆ. ಮೊದ್ಲು ನಿಮ್ಮನಿಮ್ಮಲ್ಲೇ ಮಾತಾಡ್ಕೊಂಡು ಬನ್ರಯ್ಯಾ!" ಎಂದ.

ಕಾಗದ ಸುಳ್ಳಲ್ಲ. ನಲವತ್ತು ವರ್ಷ ಹಳೆಯದು. ನಿಮ್ಮ ಇಲಾಖೆಯದೇ ಗುಂಡು ಮೊಹರಿದೆ. ಯಾವ ಮಾತು ನಂಬಬೇಕೋ ನನಗೂ ತಿಳಿಯುತ್ತಿಲ್ಲ.

ದಯವಿಟ್ಟು ಅದೇ ಮೊಹರು ಒತ್ತಿ, ಕಾವಲು ಸಾಕೆಂದು ಒಂದು ಸಾಲು ಬರೆದು ಕಳಿಸಿ. ಅಕ್ಷರ ದೊಡ್ಡದಾಗಿರಲಿ. ಆ ಮರದ ಮುಳ್ಳು ಚುಚ್ಚಿ ಅಪ್ಪನ ಒಂದು ಕಣ್ಣು ಹೋಗಿದೆ. ಉಳಿದೊಂದು ಕಣ್ಣಲ್ಲೇ ಅದನ್ನು ಕಾಯುತ್ತಿದ್ದಾನೆ.

ಇಂತಿ,
ನಶಿಪಾಯ್