ಗುಡ್ಡ ಬಿಟ್ಟು ಕೆರೆ ಬಯಲು

ಪ್ರೀತಿಯ ಅಕ್ಕನಿಗೆ,

ಈ ಸಲದ ಪ್ರಾದೇಶಿಕ ಡಿಸ್ಕ್ ಗಾಲ್ಫ್ ಪಂದ್ಯಾವಳಿ ಕೆರೆ ಪಕ್ಕದ ಬಯಲಿನಲ್ಲಿ ನಡೆಯಲಿದೆ. ನೀನೂ ಭಾವನೂ ಕೈಯಾರೆ ಕಟ್ಟಿದ ಗುಡ್ಡದ ಮೈದಾನ ಒಂದೇ ಮತದಿಂದ ಸೋತಿತು. ಆ ಮತ ನನ್ನದು. ಇನ್ನೊಬ್ಬರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸುತ್ತಿದ್ದೇನೆ.

ಗುಡ್ಡದ ಮೇಲೆ ಬುಟ್ಟಿಯಿಂದ ಬುಟ್ಟಿಗೆ ಡಿಸ್ಕ್ ಎಸೆಯುತ್ತ ಹೋಗುವ ಸೊಗಸು ಬಯಲಿನಲ್ಲಿ ಸಿಗುವುದಿಲ್ಲವೆಂದು ಪಂದ್ಯಾವಳಿ ಸಮಿತಿಯ ಸಭೆಯಲ್ಲಿ ನಾನೂ ಒಪ್ಪಿದೆ. ಆದರೆ ಹನ್ನೊಂದನೇ ಬುಟ್ಟಿಯವರೆಗೆ ಆಂಬುಲೆನ್ಸ್ ಹತ್ತುವುದಿಲ್ಲ ಎಂದೆ.

"ಅದು ಹೇಗ್ರೀ ಅಷ್ಟು ಖಚಿತವಾಗಿ ಹೇಳ್ತೀರಿ?" ಎಂದು ಅಧ್ಯಕ್ಷರು ಕೇಳಿದರು.

"ಹೋದ ವರ್ಷ ನಮ್ಮ ಭಾವನ್ನ ಅಲ್ಲಿಂದ ನಾಲ್ಕು ಜನ ಹೊತ್ಕೊಂಡು ಇಳಿಸಿದ್ವಿ. ರಸ್ತೆಗೆ ಬರೋಕೆ ನಲವತ್ತು ನಿಮಿಷ ಹಿಡೀತು" ಎಂದೆ. ಅಧ್ಯಕ್ಷರು ವಿಷಯವನ್ನು ಮತಕ್ಕೆ ಹಾಕಿದರು.

ಭಾವ ಹೋದ ದಿನ ಆಸ್ಪತ್ರೆಯಲ್ಲಿ ನೀನು, "ಕೆಳಗೆ ತರೋಕೆ ಎಷ್ಟು ಹೊತ್ತಾಯ್ತೋ?" ಎಂದು ಕೇಳಿದ್ದೆ. "ಹತ್ತೇ ನಿಮಿಷ ಅಕ್ಕ" ಎಂದಿದ್ದೆ. ಅದು ಸುಳ್ಳು. ಆಗ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಕೆಲಸದ ಮಾತು. ಬಯಲಿನಲ್ಲಿ ಮಧ್ಯಾಹ್ನದ ಗಾಳಿ ವಿಪರೀತ. ಬುಟ್ಟಿಗೆಂದು ಎಸೆದ ಡಿಸ್ಕ್ ನೆಟ್ಟಗೆ ಕೆರೆಗೆ ಬೀಳುತ್ತದೆ. ಬುಟ್ಟಿಗಳನ್ನು ಎಲ್ಲಿ ನಿಲ್ಲಿಸಬೇಕೋ ನಮಗ್ಯಾರಿಗೂ ತಲೆಬುಡ ತಿಳಿಯುತ್ತಿಲ್ಲ. ಭಾನುವಾರ ಬೆಳಿಗ್ಗೆ ಗೂಟ, ಸುತ್ತಿಗೆ ಹಿಡಿದು ಅಲ್ಲೇ ಇರುತ್ತೇನೆ. ದಯವಿಟ್ಟು ಬಾ. ನನ್ನೊಡನೆ ಮಾತಾಡಲು ಮನಸ್ಸಿಲ್ಲದಿದ್ದರೆ ಬೆರಳಲ್ಲಿ ಜಾಗ ತೋರಿಸಿದರೂ ಸಾಕು, ಗೂಟ ನೆಡುತ್ತೇನೆ.

ನಿನ್ನ ತಮ್ಮ